ಹಾಡು ಆರಿಸುವ ಬಾನುಲಿ ಬಂಧುಗಳಿಗೆ

ಕಲಬುರಗಿ ಸೀಮೆಗೆ ಕೇಳಿಬರುವ ಬಾನುಲಿ ಕೇಂದ್ರಗಳಲ್ಲಿ ಹಾಡುಗಳನ್ನು ಆರಿಸುವ ಅಧಿಕಾರಿಗಳಿಗೂ ಕಾರ್ಯಕ್ರಮ ನಿರ್ವಾಹಕರಿಗೂ ಉದ್ಘೋಷಕರಿಗೂ ವಾಡಿಯ ಕೇಳುಗನೊಬ್ಬನ ವಿಜ್ಞಾಪನೆ.

ಮಹನೀಯರೇ,

ತಮ್ಮಲ್ಲಿ ಬಹುಮಂದಿಯ ಮುಖವನ್ನು ನಾನು ಕಂಡವನಲ್ಲ. ಆದರೆ ಬೆಳಗಿನ ಪಾಳಿಗೆ ಹೊರಡುವ ಸಿಮೆಂಟು ಕಾರ್ಖಾನೆಯ ಕೆಲಸಗಾರನಿಂದ ಮೊದಲ್ಗೊಂಡು ನಡುರಾತ್ರಿಯಲ್ಲಿ ಜಂಕ್ಷನ್ನಿನ ಬೆಂಚಿನ ಮೇಲೆ ಮುಂದಿನ ಗಾಡಿಗಾಗಿ ಕಾಯುವ ಪ್ರಯಾಣಿಕನವರೆಗೆ, ಈ ಊರಿನ ಎಷ್ಟೋ ಜನರ ಕಿವಿಗೆ ಯಾವ ಹೊತ್ತಿನಲ್ಲಿ ಯಾವ ಹಾಡು ಬೀಳಬೇಕೆಂಬುದನ್ನು ನಿರ್ಣಯಿಸುವವರು ತಾವಾಗಿರುವುದರಿಂದ, ಆ ಕುರಿತು ತಮ್ಮೊಡನೆ ನಾಲ್ಕು ಮಾತನಾಡುವ ಅಧಿಕಾರ ಕೇಳುಗನಿಗೂ ಉಂಟೆಂದು ಭಾವಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ದೂಷಣೆ ನನ್ನ ಉದ್ದೇಶವಲ್ಲ. ಹಾಡಿನ ಆಯ್ಕೆಯ ಹಿಂದೆ ಅಭಿರುಚಿಯೊಂದೇ ಅಲ್ಲ, ಹಣದ ಲೆಕ್ಕವೂ ಇರುತ್ತದೆಂಬುದನ್ನು ಬಲ್ಲೆ. ಆ ಲೆಕ್ಕವನ್ನು ಅರಿತುಕೊಂಡೇ, ಅದರ ಮಿತಿಯೊಳಗೇ, ಈ ನಾಡಿನ ಹಾಡಿಗೂ ಹಾಡು ಕಟ್ಟಿದವನಿಗೂ ತಾವು ಮಾಡಬಹುದಾದ ಉಪಕಾರ ಬಹಳವಿದೆಯೆಂದು ವಿಜ್ಞಾಪಿಸಿಕೊಳ್ಳುವುದಷ್ಟೇ ನನ್ನ ಆಶಯ.

ವಾಡಿ ಹಲವು ಭಾಷೆಗಳ ಊರು. ಮುಂಬಯಿಯಿಂದ ಮದರಾಸಿಗೆ ಹೋಗುವ ರೈಲುದಾರಿ ಹೈದರಾಬಾದಿನ ಕಡೆಗೆ ಕವಲೊಡೆಯುವುದು ಇಲ್ಲಿಯೇ ಆದುದರಿಂದ, ಕನ್ನಡ, ತೆಲುಗು, ಮರಾಠಿ, ಉರ್ದು, ಹಿಂದಿಗಳು ನಮ್ಮಲ್ಲಿ ಒಂದೇ ಚಹಾದಂಗಡಿಯೊಳಗೆ ಕೇಳಿಬರುತ್ತವೆ. ನಿಜಾಮರ ರಾಜ್ಯದಲ್ಲಿದ್ದ ಈ ಸೀಮೆ 1956ರಲ್ಲಿ ಕನ್ನಡನಾಡಿಗೆ ಸೇರಿ, ಹತ್ತು ವರ್ಷಗಳ ತರುವಾಯ, 1966ರಲ್ಲಿ, ಅಂದಿನ ಗುಲ್ಬರ್ಗದಲ್ಲಿ ಆಕಾಶವಾಣಿಯ ಕೇಂದ್ರವೊಂದು ತಲೆಯೆತ್ತಿದಾಗ, ನಮ್ಮ ಮಾತಿನ ಧಾಟಿಯೂ ನಮ್ಮ ಪದಗಳ ಮಟ್ಟೂ ಆಕಾಶಮಾರ್ಗವಾಗಿ ನಮ್ಮ ಮನೆಗೇ ಮರಳಿ ಬಂದವೆಂಬ ಹಿಗ್ಗನ್ನು ಹಿರಿಯರು ಬಹುಕಾಲ ಹೇಳಿಕೊಳ್ಳುತ್ತಿದ್ದರು. ಅಂಥ ಸೀಮೆಯಲ್ಲಿ ಇಂದು ಒಂದು ಕೇಂದ್ರದಿಂದ ಇನ್ನೊಂದು ಕೇಂದ್ರಕ್ಕೆ ಹೊರಳಿದರೂ ಅದೇ ಹತ್ತಾರು ಚಿತ್ರಗೀತೆಗಳು ಒಂದರ ಬೆನ್ನಿಗೊಂದು ಬರುತ್ತಿರುವುದನ್ನೂ, ಬೆಳಗ್ಗೆ ಕೇಳಿದ್ದೇ ಸಂಜೆಗೆ ಮರುಕಳಿಸುತ್ತಿರುವುದನ್ನೂ, ಸೇಡಂ ಚಿಂಚೋಳಿಗಳ ಪದವೊಂದು ಅಪ್ಪಿತಪ್ಪಿ ಬಂದರೂ ಅದು ಯಾರೂ ಕೇಳದ ವೇಳೆಯಲ್ಲಿ ಬಂದುಹೋಗುತ್ತಿರುವುದನ್ನೂ ತಾವೂ ಗಮನಿಸಿರಲೇಬೇಕು. ಜನರ ಅಭಿರುಚಿಯೇ ಕುಗ್ಗಿತೆಂದು ಇದಕ್ಕೆ ಕಾರಣ ಕೊಡುವವರುಂಟು. ನನಗೆ ಆ ಕಾರಣ ಸಾಲದೆನಿಸುತ್ತದೆ. ಹಾಡಿಗೆ ಕಟ್ಟುವ ರಾಯಲ್ಟಿಯ ಪದ್ಧತಿಗೂ ಈ ಏಕತಾನತೆಗೂ ಇರುವ ಸಂಬಂಧವನ್ನು ಮೊದಲು ವಿಚಾರಿಸಬೇಕು.

ರಾಯಲ್ಟಿಯೆಂದರೇನೆಂಬುದನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಶಹಾಬಾದಿನ ಹಾಸುಗಲ್ಲು, ವಾಡಿ ಸೇಡಂ ಮಳಖೇಡಗಳ ಸುಣ್ಣಗಲ್ಲು ಇವುಗಳ ಮೇಲೆಯೇ ಬಾಳುತ್ತಿರುವ ಜನ ನಾವು. ಕಲ್ಲು ಹೊತ್ತ ಲಾರಿ ರಾಯಲ್ಟಿ ಕಟ್ಟಿದ ಪರವಾನಗಿಯಿಲ್ಲದೆ ಗಣಿಯಿಂದ ಹೊರಡಲಾಗದೆಂಬುದು ಇಲ್ಲಿಯ ಮಕ್ಕಳಿಗೂ ತಿಳಿದ ಸಂಗತಿ. ಗಣಿ ಮತ್ತು ಖನಿಜಗಳ ಕೇಂದ್ರ ಶಾಸನವೂ ಗ್ರಂಥಸ್ವಾಮ್ಯದ ಶಾಸನವೂ 1957ರ ಒಂದೇ ವರ್ಷದಲ್ಲಿ ಹುಟ್ಟಿದವು. ಆದರೆ ಕಲ್ಲಿನ ಲೆಕ್ಕ ತೂಕದಿಂದ ಮುಗಿಯುತ್ತದೆ. ಅದನ್ನು ಒಡೆದವನಾರು, ಕಡಿದವನಾರು ಎಂದು ಯಾರೂ ಕೇಳುವುದಿಲ್ಲ. ಸಂದಾಯವಾದ ಹಣ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ. ಹಾಡಿನ ರಾಯಲ್ಟಿಯಾದರೋ ಕವಿಗೆ, ಸ್ವರ ಸಂಯೋಜಿಸಿದವನಿಗೆ, ಹಾಡಿದವನಿಗೆ, ಧ್ವನಿಮುದ್ರಿಸಿದ ಸಂಸ್ಥೆಗೆ ಹೆಸರು ಹಿಡಿದು ಸಲ್ಲಬೇಕಾದ ಋಣ. ಹಾಡನ್ನೂ ಕಲ್ಲಿನಂತೆ ತೂಗಿ ಮುಗಿಸುವ ಪ್ರವೃತ್ತಿ ಬಾನುಲಿಯೊಳಗೆ ಬೆಳೆದಿರುವುದೇ ನನ್ನ ಚಿಂತೆಯ ಮೂಲ.

ಖಾಸಗಿ ಎಫ್.ಎಂ. ಕೇಂದ್ರ ನಮ್ಮ ದೇಶದಲ್ಲಿ ಮೊದಲಾದದ್ದು 2001ರ ಜುಲೈಯಲ್ಲಿ, ಬೆಂಗಳೂರಿನಲ್ಲಿ. ಮರುವರ್ಷವೇ ಗ್ರಂಥಸ್ವಾಮ್ಯ ಮಂಡಳಿಯು, ಮುದ್ರಿತ ಸಂಗೀತವನ್ನು ಎಷ್ಟು ಗಂಟೆ ಪ್ರಸಾರ ಮಾಡಿದರೆ ಅಷ್ಟಕ್ಕೆ ಗಂಟೆಯ ದರದಂತೆ ಹಣ ಕಟ್ಟಬೇಕೆಂದು ವಿಧಿಸಿತು. ಕೇಂದ್ರಗಳಿಗೆ ಅದು ಭಾರವಾಗಿ, ವ್ಯಾಜ್ಯ ಬೆಳೆದು, 2008ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪೂ ಹೊರಬಂದ ಮೇಲೆ, 2010ರ ಆಗಸ್ಟ್ 25ರಂದು ಮಂಡಳಿಯು ಪದ್ಧತಿಯನ್ನೇ ಬದಲಿಸಿ, ಪ್ರತಿಯೊಂದು ಕೇಂದ್ರವೂ ತನ್ನ ನಿವ್ವಳ ಜಾಹೀರಾತು ವರಮಾನದ ಶೇಕಡಾ 2ರಷ್ಟನ್ನು ತೆಗೆದಿರಿಸಿ, ಯಾರ ಸಂಗೀತ ಎಷ್ಟು ಪ್ರಸಾರವಾಯಿತೋ ಅದಕ್ಕನುಗುಣವಾಗಿ ಹಂಚಬೇಕೆಂದು ಆಜ್ಞಾಪಿಸಿತು. ಆ ಆಜ್ಞೆಯ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಲು, ಅದೇ ವರ್ಷದ ಡಿಸೆಂಬರ್ 31ರಂದು ಬೌದ್ಧಿಕ ಆಸ್ತಿಯ ಮೇಲ್ಮನವಿ ಮಂಡಳಿಯು ನಗರದ ದರ್ಜೆ, ದಿನದ ಹೊತ್ತು ಇವುಗಳನ್ನು ಅನುಸರಿಸಿ ಮತ್ತೆ ಗಂಟೆಯ ದರಕ್ಕೇ ಮರಳಿತು.

ಈ ಎರಡು ಪದ್ಧತಿಗಳ ಭೇದ ಕೇಳುಗನ ಕಿವಿಯವರೆಗೂ ಬಂದು ಮುಟ್ಟುವಂಥದು. ವರಮಾನದ ಪಾಲನ್ನು ತೆಗೆದಿರಿಸುವಲ್ಲಿ ಒಟ್ಟು ಮೊತ್ತ ಹಾಡಿನ ಸಂಖ್ಯೆಯಿಂದ ಬದಲಾಗುವುದಿಲ್ಲ. ದೊಡ್ಡ ಸಂಸ್ಥೆಯ ಹಾಡಾಗಲಿ, ಸಣ್ಣ ಪ್ರಕಾಶಕನ ಹಾಡಾಗಲಿ ಕೇಂದ್ರಕ್ಕೆ ಬೀಳುವ ವೆಚ್ಚ ಒಂದೇ ಆದುದರಿಂದ ಆಯ್ಕೆಯ ಕೈ ಸ್ವತಂತ್ರವಾಗಿರುತ್ತದೆ. ಗಂಟೆಯ ದರದಲ್ಲಿ ಪ್ರತಿಯೊಂದು ನಿಮಿಷಕ್ಕೂ ಬೆಲೆಯಿದೆ. ಬೆಲೆ ತೆತ್ತ ನಿಮಿಷದಲ್ಲಿ ಜಾಹೀರಾತುದಾರನನ್ನು ಹಿಡಿದಿಡುವ ಹಾಡೇ ಬರಬೇಕೆಂದು ವ್ಯವಸ್ಥಾಪಕ ಬಯಸುವುದು ಸಹಜ. ಜನ ಈಗಾಗಲೇ ಗುನುಗುತ್ತಿರುವ ಹಾಡು ಅವನಿಗೆ ಕ್ಷೇಮ, ಕೇಳದ ಹಾಡು ಅಪಾಯ. ಇನ್ನು ಸ್ವಂತ ಒಪ್ಪಂದದ ಮೇಲೆ ದೊಡ್ಡ ಸಂಸ್ಥೆಯೊಂದರ ಇಡೀ ಭಂಡಾರವನ್ನು ಸಗಟಾಗಿ ಪಡೆದ ಕೇಂದ್ರವಾದರೋ, ಕೊಟ್ಟ ಹಣಕ್ಕೆ ನ್ಯಾಯ ಸಲ್ಲಿಸಲು ಅದೇ ಭಂಡಾರವನ್ನು ಮತ್ತೆ ಮತ್ತೆ ತೆರೆಯುತ್ತದೆ. ಹೊರಗುಳಿದ ಸಣ್ಣ ಕನ್ನಡ ಪ್ರಕಾಶಕನ ಒಂದೆರಡು ಹಾಡುಗಳಿಗಾಗಿ ಬೇರೆ ಕಾಗದಪತ್ರ ಮಾಡುವ ತಾಳ್ಮೆ ಯಾರಿಗಿರುತ್ತದೆ? ಅದರ ಮೇಲೆ, ಒಂದೇ ಸಂಸ್ಥೆಯ ಕೇಂದ್ರಗಳು ಕಾರ್ಯಕ್ರಮಗಳನ್ನು ಪರಸ್ಪರ ಹಂಚಿಕೊಳ್ಳಲು 2011ರ ಮೂರನೆಯ ಹಂತದ ನೀತಿಯು ಅವಕಾಶ ಕೊಟ್ಟಿರುವುದರಿಂದ, ದೂರದ ಮಹಾನಗರದಲ್ಲಿ ಕುಳಿತು ಸಿದ್ಧಪಡಿಸಿದ ಪಟ್ಟಿಯೇ ನಮ್ಮ ಸೀಮೆಗೂ ಇಳಿಯಬಹುದಾಗಿದೆ. ಇದರಲ್ಲಿ ಯಾರೊಬ್ಬರ ದುಷ್ಟಬುದ್ಧಿಯೂ ಕೆಲಸಮಾಡುತ್ತಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಲೆಕ್ಕವನ್ನು ಸರಿಯಾಗಿಯೇ ಮಾಡಿ, ಎಲ್ಲರೂ ಸೇರಿ ಕೇಳುಗನಿಗೆ ಬಡ ಊಟವನ್ನು ಬಡಿಸಿದಂತಾಗಿದೆ.

ಹಕ್ಕಿನ ವಿವಾದಗಳು ಹಾಡಿನ ದಾರಿಯನ್ನೇ ಬದಲಿಸಿದ ನಿದರ್ಶನಗಳು ಚರಿತ್ರೆಯಲ್ಲಿವೆ. 1952ರಲ್ಲಿ ಬಿ.ವಿ. ಕೇಸ್ಕರ್ ಅವರು ಕೇಂದ್ರ ಸರ್ಕಾರದ ವಾರ್ತಾ ಮತ್ತು ಪ್ರಸಾರ ಮಂತ್ರಿಗಳಾಗಿ ಬಂದು ಆಕಾಶವಾಣಿಯಲ್ಲಿ ಚಿತ್ರಗೀತೆಗಳನ್ನು ಕಡಿತಗೊಳಿಸಿದುದಲ್ಲದೆ, ಚಿತ್ರದ ಹೆಸರನ್ನು ಹೇಳುವುದು ಜಾಹೀರಾತಾಗುತ್ತದೆಂದು ಅದನ್ನೂ ಬಿಡಿಸಲು, ನಿರ್ಮಾಪಕರು ಕುಪಿತರಾಗಿ ಪ್ರಸಾರದ ಅನುಮತಿಯನ್ನೇ ಹಿಂತೆಗೆದುಕೊಂಡರು. ಕೇಳುಗರು ಮುಳ್ಳನ್ನು ಸಿಲೋನ್ ರೇಡಿಯೋದ ಕಡೆಗೆ ತಿರುಗಿಸಿದರು. ಅಲ್ಲಿಂದ ಕೇಳಿಬರುತ್ತಿದ್ದ ಅಮೀನ್ ಸಯಾನಿಯವರ ಧ್ವನಿ ದೇಶದ ಮನೆಮಾತಾಯಿತು. ಕಳೆದುಹೋದ ಕೇಳುಗರನ್ನು ಮರಳಿ ಕರೆತರಲು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಹುಟ್ಟುಹಾಕಬೇಕಾಯಿತು. ಚಿತ್ರದ ಹೆಸರು ಹೇಳದಿರುವುದೂ ಜಗಳಕ್ಕೆ ಕಾರಣವಾಗಬಲ್ಲದೆಂಬುದನ್ನು ಈ ವೃತ್ತಾಂತದಿಂದ ತಾವು ಗಮನಿಸಬೇಕು.

ಇದಕ್ಕೂ ಸ್ವಾರಸ್ಯವಾದ ಸಂಗತಿ ಅಮೆರಿಕದ್ದು. ಅಲ್ಲಿ ಹಾಡು ಬರೆಯುವವರ ಸಂಘವಾದ ಆಸ್ಕ್ಯಾಪ್ ದರವನ್ನು ಏರಿಸಲು ಹೊರಟಾಗ, ಬಾನುಲಿ ಸಂಸ್ಥೆಗಳು ಅದನ್ನೊಪ್ಪದೆ 1941ರ ಜನವರಿಯಿಂದ ಹಲವು ತಿಂಗಳ ಕಾಲ ಆ ಸಂಘದ ಹಾಡುಗಳನ್ನು ಪ್ರಸಾರದಿಂದ ಹೊರಗಿಟ್ಟವು. ಹಕ್ಕಿನ ಅವಧಿ ಮುಗಿದಿದ್ದ ಸ್ಟೀಫನ್ ಫಾಸ್ಟರನ ಹಳೆಯ ಹಾಡುಗಳು ದಿನವಿಡೀ ಕೇಳಿಬಂದವು. ಬಾನುಲಿಯವರೇ ಕಟ್ಟಿಕೊಂಡ ಬಿ.ಎಂ.ಐ. ಎಂಬ ಹೊಸ ಸಂಸ್ಥೆ, ಹಳೆಯ ಸಂಘ ಕಣ್ಣೆತ್ತಿ ನೋಡದಿದ್ದ ಗುಡ್ಡಗಾಡಿನ ಗಾಯಕರಿಗೂ ಕರಿಯ ಜನಾಂಗದ ಹಾಡುಗಾರರಿಗೂ ಬಾಗಿಲು ತೆರೆಯಿತು. ಬ್ರಿಟನ್ನಿನಲ್ಲಿಯೂ ಮುದ್ರಿತ ಸಂಗೀತವನ್ನು ದಿನಕ್ಕೆ ಇಂತಿಷ್ಟೇ ಗಂಟೆ ಪ್ರಸಾರ ಮಾಡಬೇಕೆಂಬ ಒಪ್ಪಂದವು 1988ರವರೆಗೂ ಇದ್ದುದರಿಂದ, ಬಿಬಿಸಿ ವಾದ್ಯಗಾರರನ್ನೂ ಗಾಯಕರನ್ನೂ ತನ್ನ ಸ್ಟುಡಿಯೋಗೇ ಕರೆಯಿಸಿ ಹಾಡಿಸುತ್ತಿತ್ತು. ಮುದ್ರಿತ ಹಾಡು ದುಬಾರಿಯಾದಾಗ ಬುದ್ಧಿವಂತ ಕೇಂದ್ರವು ತನ್ನ ನೆಲದ ಹಾಡುಗಾರನನ್ನು ಕರೆಯುತ್ತದೆ. ಉಪಾಯಗಾಣದ ಕೇಂದ್ರವು ಇದ್ದ ಹತ್ತು ಹಾಡುಗಳನ್ನೇ ತಿರುಗಿಸುತ್ತದೆ. ರಾಯಲ್ಟಿಯ ಕಟ್ಟಳೆ ಎರಡೂ ಕಡೆ ಒಂದೇ.

ಇನ್ನು ಹಾಡು ಕಟ್ಟಿದವನ ವಿಚಾರ. 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಚಿತ್ರಕ್ಕಾಗಿ ಹಣಕೊಟ್ಟು ಬರೆಯಿಸಿದ ಸಾಹಿತ್ಯಕ್ಕೂ ಸಂಗೀತಕ್ಕೂ ನಿರ್ಮಾಪಕನೇ ಮೊದಲ ಒಡೆಯನೆಂದು ನಿರ್ಣಯಿಸಿತು. ಗಾಯಕನಿಗೆ ಶಾಸನದಲ್ಲಿ ಏನೂ ಇಲ್ಲವಲ್ಲಾ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಪ್ರತ್ಯೇಕ ಟಿಪ್ಪಣಿಯಲ್ಲಿ ಮರುಗಿದರು. 1969ರಷ್ಟು ಹಿಂದೆಯೇ ಕವಿಗಳೂ ಸಂಯೋಜಕರೂ ಕಟ್ಟಿಕೊಂಡಿದ್ದ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಗೆ ಆ ತೀರ್ಪಿನಿಂದ ಬಿದ್ದ ಪೆಟ್ಟು ವಾಸಿಯಾಗಲು ದಶಕಗಳೇ ಬೇಕಾದವು. ಜಾವೇದ್ ಅಖ್ತರ್ ಅವರಂಥ ಕವಿಗಳು ರಾಜ್ಯಸಭೆಯಲ್ಲಿ ನಿಂತು ವಾದಿಸಿದ ಬಳಿಕ, 2012ರ ಜೂನ್ 21ರಿಂದ ಜಾರಿಗೆ ಬಂದ ತಿದ್ದುಪಡಿಯು, ಚಿತ್ರಮಂದಿರದ ಪ್ರದರ್ಶನವನ್ನು ಬಿಟ್ಟು ಉಳಿದೆಲ್ಲ ಬಳಕೆಗಳಲ್ಲಿ ಕವಿಗೂ ಸಂಯೋಜಕನಿಗೂ ಸಮಭಾಗದ ರಾಯಲ್ಟಿ ಸಲ್ಲಬೇಕೆಂದೂ, ಆ ಹಕ್ಕನ್ನು ಅವರು ಸಹಿ ಹಾಕಿ ಬಿಟ್ಟುಕೊಡಲಾಗದೆಂದೂ ವಿಧಿಸಿತು. ಹಾಡಿನ ಮುದ್ರಣಕ್ಕೆ ಕೊಟ್ಟ ಹಣದಿಂದಲೇ ಕವಿಯ ಋಣವೂ ತೀರಿತೆಂಬ ಬಾನುಲಿ ಸಂಸ್ಥೆಗಳ ವಾದವನ್ನು 2023ರ ಏಪ್ರಿಲಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವೂ ಒಪ್ಪಲಿಲ್ಲ.

ಶಾಸನ ಇಷ್ಟು ದೂರ ಬಂದಿದ್ದರೂ ನಮ್ಮ ಹಳ್ಳಿಗೆ ಅದು ಬಂದು ಮುಟ್ಟಿಲ್ಲವೆಂಬುದಕ್ಕೆ ನಾನೇ ಸಾಕ್ಷಿ. ಚಿತ್ತಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಭಜನಿ ಮೇಳದ ಹಿರಿಯರೊಬ್ಬರಿದ್ದಾರೆ. ಏಕತಾರಿ ಹಿಡಿದು ಕುಳಿತರೆ ಬೆಳ್ಳಿ ಮೂಡುವವರೆಗೂ ಹಾಡಬಲ್ಲವರು. ಹಿಂದಿನವರ ಪದಗಳೊಡನೆ ತಾವೇ ಕಟ್ಟಿದ ಪದಗಳನ್ನೂ ಹಾಡುವವರು. ಕ್ಯಾಸೆಟ್ಟಿನ ಕಾಲದಲ್ಲಿ ಧ್ವನಿಮುದ್ರಣ ಸಂಸ್ಥೆಯೊಂದು ಅವರನ್ನು ಕರೆಯಿಸಿ, ಹೋಗಿಬರುವ ಖರ್ಚಿನೊಡನೆ ಒಂದು ಶಾಲನ್ನು ಹೊದಿಸಿ, ಓದಿ ಹೇಳದ ಕಾಗದವೊಂದಕ್ಕೆ ಸಹಿ ಪಡೆದುಕೊಂಡಿತು. ಆ ಕ್ಯಾಸೆಟ್ಟು ಜಾತ್ರೆಗಳಲ್ಲಿ ಮೊಳಗಿತು, ಬಸ್ಸುಗಳಲ್ಲಿ ಮೊಳಗಿತು. ಅವರ ಸ್ವಂತ ಪದಗಳ ಮೇಲೆಯೂ ‘ಜಾನಪದ’ ಎಂಬ ಮುದ್ರೆ ಬಿದ್ದಿತು. ಮುಂದೊಂದು ದಿನ ಅವರೂ ನಾನೂ ಚಹಾ ಕುಡಿಯುತ್ತ ಕುಳಿತಿದ್ದಾಗ ಅಂಥದೊಂದು ಪದ ಬಾನುಲಿಯಲ್ಲಿ ಬಂದು, ‘ಜನಪದ ಗೀತೆಯನ್ನು ಕೇಳಿದಿರಿ’ ಎಂಬಷ್ಟರಲ್ಲಿ ಉದ್ಘೋಷಣೆ ಮುಗಿದುಹೋಯಿತು. ‘ಪದ ನಂದೇ ಅದರಿ, ಹೆಸರು ಯಾಕ ಹೇಳಲ್ಲ?’ ಎಂದು ಅವರು ಕೇಳಿದರು. ಹಣದ ಮಾತನ್ನು ಅವರು ಎತ್ತಲೇ ಇಲ್ಲ. ಆದರೆ ಹೆಸರು ಹೋದಲ್ಲಿ ಹಣವೂ ಹೋಗುತ್ತದೆ: ಪ್ರಸಾರದ ಲೆಕ್ಕದ ಪುಸ್ತಕದಲ್ಲಿ ‘ಜಾನಪದ’ ಎಂದು ಬರೆದ ಹಾಡಿನ ಪಾಲನ್ನು ಯಾವ ಸಂಘವಾದರೂ ಯಾರ ಮನೆಗೆ ಕಳುಹಿಸೀತು?

ಆದಕಾರಣ ಮಹನೀಯರೇ, ತಮ್ಮಲ್ಲಿ ನನ್ನ ಮೊದಲ ಬೇಡಿಕೆ ಹೆಸರಿನದು. ಹಾಡು ಮುಗಿದೊಡನೆ ಬರೆದವರ, ಸ್ವರ ಸಂಯೋಜಿಸಿದವರ, ಹಾಡಿದವರ ಹೆಸರನ್ನು ಹೇಳಿ. ಇದು ಕೇವಲ ಸೌಜನ್ಯವಲ್ಲ. ಶಾಸನಬದ್ಧ ಪರವಾನಗಿಯ ಮೇಲೆ ಪ್ರಸಾರ ಮಾಡುವ ಸಂಸ್ಥೆಯು ಕೃತಿಕಾರರ ಮತ್ತು ಪ್ರಮುಖ ಕಲಾವಿದರ ಹೆಸರನ್ನು ಪ್ರಸಾರದೊಡನೆ ಘೋಷಿಸತಕ್ಕದ್ದೆಂದು ಗ್ರಂಥಸ್ವಾಮ್ಯ ಶಾಸನಕ್ಕೆ 2012ರಲ್ಲಿ ಸೇರಿದ 31ಡಿ ಪ್ರಕರಣವೇ ಹೇಳುತ್ತದೆ. ಆಕಾಶವಾಣಿಯ ಹಳೆಯ ಉದ್ಘೋಷಕರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಚಿತ್ರದ ಹೆಸರಿನ ಬೆನ್ನಿಗೇ ವಿಜಯನಾರಸಿಂಹ, ಆರ್.ಎನ್. ಜಯಗೋಪಾಲ್, ಚಿ. ಉದಯಶಂಕರ್ ಎಂದು ಕವಿಯ ಹೆಸರೂ, ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ, ವಿಜಯಭಾಸ್ಕರ್ ಎಂದು ಸಂಗೀತಗಾರರ ಹೆಸರೂ ಬರುತ್ತಿದ್ದುದರಿಂದ, ಅಕ್ಷರ ಬಾರದ ಗಣಿ ಕೆಲಸಗಾರನೂ ಪಲ್ಲವಿಯನ್ನು ಕೇಳಿ ಇದು ಯಾರ ಸಾಹಿತ್ಯವೆಂದು ಹೇಳಬಲ್ಲವನಾಗಿದ್ದ. ಹೆಸರು ಹೇಳಲು ಹಿಡಿಯುವುದು ಕೆಲವೇ ಕ್ಷಣ, ಅದಕ್ಕೆ ರಾಯಲ್ಟಿಯಿಲ್ಲ.

ಎರಡನೆಯದು ಲೆಕ್ಕದ್ದು. ಪ್ರಸಾರದ ದಾಖಲೆಗಳನ್ನಿಟ್ಟು ಹಕ್ಕುದಾರರಿಗೆ ವರದಿ ಒಪ್ಪಿಸಬೇಕೆಂದೂ, ಅವರು ಕೇಳಿದರೆ ತೋರಿಸಬೇಕೆಂದೂ ಅದೇ ಪ್ರಕರಣದಲ್ಲಿ ಹೇಳಿದೆ. ಆ ದಾಖಲೆಯಲ್ಲಿ ಚಿತ್ರದ ಹೆಸರೊಂದನ್ನೇ ಗೀಚಿ ಬಿಡದೆ, ಕವಿ ಸಂಯೋಜಕರ ಹೆಸರನ್ನು ಸ್ಫುಟವಾಗಿ ತುಂಬಿ. ‘ಸಾಂಪ್ರದಾಯಿಕ’ ಎಂದು ಬರೆಯುವ ಮುನ್ನ ಅದು ನಿಜವೇ ಎಂದು ಒಮ್ಮೆ ವಿಚಾರಿಸಿ. ದೂರದ ಊರಿನ ಸಣ್ಣ ಕೇಂದ್ರವೊಂದರ ವರದಿಯಲ್ಲಿ ಒಂದು ಸಾಲು ಸರಿಯಾಗಿದ್ದರೆ, ಬಡ ಕವಿಯೊಬ್ಬನ ಮನೆಗೆ ಅವನು ನಿರೀಕ್ಷಿಸದಿದ್ದ ಹಣ ಬಂದೀತು.

ಮೂರನೆಯದು ನೆಲದ ಹಾಡಿನದು. ಕೃತಿಯ ಹಕ್ಕು ಕರ್ತೃವಿನ ಮರಣದ ತರುವಾಯ 60 ವರ್ಷಗಳವರೆಗೆ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷಗಳವರೆಗೆ. ಹೀಗಿರುವಾಗ ಹನ್ನೆರಡನೆಯ ಶತಮಾನದ ಶರಣರ ವಚನಗಳು, ದಾಸರ ಪದಗಳು, ಕಡಕೋಳ ಮಡಿವಾಳಪ್ಪನವರ ಮತ್ತು ಅವರ ಶಿಷ್ಯಪರಂಪರೆಯ ಚೆನ್ನೂರ ಜಲಾಲಸಾಹೇಬರಂಥವರ ತತ್ವಪದಗಳು, ಮೊಹರಮ್ಮಿನ ರಿವಾಯತ್ ಪದಗಳು, ಹಂತಿಯ ಪದ, ಬೀಸುವ ಪದ, ಸೋಬಾನೆಗಳು ಇವೆಲ್ಲಕ್ಕೆ ಸಾಹಿತ್ಯದ ರಾಯಲ್ಟಿಯನ್ನು ಯಾರಿಗೂ ಕಟ್ಟಬೇಕಾಗಿಲ್ಲ. ಅನ್ಯರ ಮುದ್ರಣವನ್ನೋ ಹೊಸ ಸ್ವರಸಂಯೋಜನೆಯನ್ನೋ ಬಳಸಿದರೆ ಮಾತ್ರ ಅದರ ಹಕ್ಕು ಅಡ್ಡಬರುತ್ತದೆ. ತಾವೇ ಹಾಡುಗಾರರನ್ನು ಕರೆಯಿಸಿ ಮುದ್ರಿಸಿಕೊಂಡರೆ ಆ ಮುದ್ರಣ ಕೇಂದ್ರದ್ದೇ ಆಗುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿ, ಕವಿರಾಜಮಾರ್ಗವು ಹುಟ್ಟಿದ ಆಸ್ಥಾನಕ್ಕೆ ನೆಲೆಯಾಗಿದ್ದ ಮಳಖೇಡ ನಮ್ಮ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿದೆ. ಇಂಥ ಸೀಮೆಯಲ್ಲಿ ಹಾಡಿಗೆ ಬರಗಾಲವೆಂದರೆ ಯಾರಾದರೂ ನಂಬುವರೆ? ಗಂಟೆಯ ದರ ಏರಿದಷ್ಟೂ ತಮ್ಮದೇ ಮುದ್ರಣಗಳ ಬೆಲೆ ಏರುತ್ತದೆಂಬುದನ್ನು ತಮ್ಮ ಲೆಕ್ಕದವರಿಗೆ ತಾವು ಧೈರ್ಯವಾಗಿ ಹೇಳಬಹುದು. ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಪದ ಹಳೆಯದಾದರೂ ಹಾಡುವವನು ಇಂದಿನವನು. ಅವನಿಗೆ ಯೋಗ್ಯವಾದ ಸಂಭಾವನೆಯನ್ನು ಕೊಟ್ಟು, ಕರಾರಿನ ಕಾಗದವನ್ನು ಕನ್ನಡದಲ್ಲಿಯೇ ಬರೆಯಿಸಿ, ಓದಿ ಹೇಳಿ, ಒಂದು ಪ್ರತಿಯನ್ನು ಅವನ ಕೈಗೂ ಕೊಡಬೇಕು. ಮುದ್ರಿಸಿದ್ದನ್ನು ಜನ ಎಚ್ಚರವಾಗಿರುವ ಹೊತ್ತಿನಲ್ಲಿ ಪ್ರಸಾರ ಮಾಡಬೇಕು.

ನಾಲ್ಕನೆಯದು, ತಮ್ಮ ವರ್ಷದ ಮುಂಗಡಪತ್ರದಲ್ಲಿ ಸಣ್ಣ ಪ್ರಕಾಶಕರಿಗಾಗಿ ಒಂದು ಪಾಲನ್ನು ಮೀಸಲಿಡಿ. ಸಗಟು ಒಪ್ಪಂದದ ಹೊರಗೆ ಉಳಿದಿರುವ ಉತ್ತರ ಕರ್ನಾಟಕದ ಗಾಯಕರ, ಸುಗಮ ಸಂಗೀತಗಾರರ, ಹೊಸ ಹುಡುಗರ ಹಾಡುಗಳನ್ನು ಬಿಡಿಬಿಡಿಯಾಗಿಯಾದರೂ ಪಡೆಯಿರಿ. ಹಳೆಯ ಚಿತ್ರಗೀತೆಗಳತ್ತಲೂ ಕಣ್ಣಿರಲಿ, 1954ರ ‘ಬೇಡರ ಕಣ್ಣಪ್ಪ’ದ ಕಾಲದ ಮುದ್ರಣಗಳ ಹಕ್ಕಿನ ಅವಧಿ ತೀರಿದೆ, ಸಾಹಿತ್ಯ ಸಂಗೀತಗಳ ಹಕ್ಕು ಇನ್ನೂ ಉಳಿದಿರುವಲ್ಲಿ ಅದನ್ನು ಮಾತ್ರ ಸಲ್ಲಿಸಿದರೆ ಆಯಿತು. ಸಮುದಾಯ ಬಾನುಲಿಗಳನ್ನು ನಡೆಸುವವರು, ಕಾರ್ಯಕ್ರಮದ ಅರ್ಧದಷ್ಟಾದರೂ ಸ್ಥಳೀಯರೊಡನೆ ಕೂಡಿ ಸಿದ್ಧವಾಗಬೇಕೆಂಬ ನಿಯಮ ತಮಗಿರುವುದನ್ನು ಭಾರವೆಂದೆಣಿಸದೆ ಭಾಗ್ಯವೆಂದೆಣಿಸಬೇಕೆಂದು ಪ್ರಾರ್ಥಿಸುತ್ತೇನೆ.

ರಾಯಲ್ಟಿಯ ದರವನ್ನು ಗೊತ್ತುಮಾಡುವುದು ತಮ್ಮ ಕೈಯಲ್ಲಿಲ್ಲ. ದೆಹಲಿ ಮುಂಬಯಿಗಳ ನ್ಯಾಯಪೀಠಗಳ ಮುಂದೆ ದೊಡ್ಡವರು ದೊಡ್ಡವರೊಡನೆ ಹೋರಾಡಿ ಅದನ್ನು ತೀರ್ಮಾನಿಸಿಕೊಳ್ಳುತ್ತಾರೆ. ದರ ಕಡಿಮೆಯಾಗಲೆಂದು ಕವಿಯ ವಿರುದ್ಧ ನಿಲ್ಲುವುದೂ ನನ್ನಿಂದಾಗದು. ಅವನಿಗೆ ಸಲ್ಲುವುದು ಸಲ್ಲಲೇಬೇಕು. ಆದರೆ ದರ ಯಾವುದೇ ಇರಲಿ, ಅದು ತಮ್ಮ ಅಭಿರುಚಿಯ ಒಡೆಯನಾಗದಂತೆ ನೋಡಿಕೊಳ್ಳುವ ಸ್ವಾತಂತ್ರ್ಯ ತಮಗಿನ್ನೂ ಉಳಿದಿದೆ. ಮೇಲಿನ ನಾಲ್ಕು ಬೇಡಿಕೆಗಳಲ್ಲಿ ಹಣ ಬೇಕಾದವು ಎರಡು. ಅವಕ್ಕೆ ಮೇಲಿನವರ ಒಪ್ಪಿಗೆ ಬರುವವರೆಗೆ ಕಾಯಬೇಕಾದೀತು. ಹೆಸರು ಹೇಳುವುದಕ್ಕೂ ಲೆಕ್ಕವನ್ನು ಶುದ್ಧವಾಗಿಡುವುದಕ್ಕೂ ಯಾರ ಒಪ್ಪಿಗೆಯೂ ಬೇಕಾಗಿಲ್ಲವಾದುದರಿಂದ, ಅವೆರಡನ್ನು ನಾಳಿನ ಬೆಳಗಿನ ಪ್ರಸಾರದಿಂದಲೇ ಆರಂಭಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತು,
ತಮ್ಮ ವಿಶ್ವಾಸಿ,
ಒಬ್ಬ ಹಳೆಯ ಶ್ರೋತೃ
ವಾಡಿ, ಚಿತ್ತಾಪುರ ತಾಲ್ಲೂಕು, ಕಲಬುರಗಿ ಜಿಲ್ಲೆ